ಟರ್ನ್‌ಟೇಬಲ್ 4ನೇ ಲೈನಿಗೆ ಬಂದರೆ ಇಡೀ ಲೇಔಟ್ ಆಫ್! ಡಿಸಿಸಿ ವೈರಿಂಗ್ ಗೊತ್ತಿರುವವರು ಸ್ವಲ್ಪ ನೋಡಿ

ಕೊಟ್ಟಾರ_ಗೇಜ್ · ಜೂನ್ 14, ರಾತ್ರಿ 9:40

ಎರಡು ವಾರದಿಂದ ಮಂಡೆ ಬಿಸಿ. ಯಾರಾದರೂ ದಾರಿ ತೋರಿಸಿ ಮಾರಾಯ್ರೆ.

ನನ್ನದು ಎಚ್‌ಒ (ನಿಜ ರೈಲಿನ 87ರಲ್ಲಿ ಒಂದು ಅಳತೆಯ) ಮಾದರಿ ರೈಲಿನ ಲೇಔಟ್. ಓಡುವುದು ಡಿಸಿಸಿಯಲ್ಲಿ, ಅಂದರೆ ಹಳಿಯ ಕರೆಂಟಿನಲ್ಲೇ ಇಂಜಿನಿಗೆ ಡಿಜಿಟಲ್ ಆದೇಶ ಹೋಗುತ್ತದೆ. ಮಂಗಳೂರಿನ ಮನೆಯ ಮಾಳಿಗೆ ಕೋಣೆಯಲ್ಲಿದೆ. ಇಂಜಿನ್ ತಿರುಗಿಸುವ ಟರ್ನ್‌ಟೇಬಲ್ ಅಂಗಡಿಯಿಂದ ತಂದದ್ದಲ್ಲ, ನಾನೇ ಮಾಡಿದ್ದು. ದುಂಡು ಗುಂಡಿಯ ಮೇಲೆ ತಿರುಗುವ ಸೇತುವೆ 300 ಮಿ.ಮೀ. ಉದ್ದ. ಬರುವ ಲೈನ್ ಒಂದು, ಎದುರು ಶೆಡ್ಡಿಗೆ ಐದು. ಬರುವ ಲೈನನ್ನು 0 ಡಿಗ್ರಿ ಅಂತ ಇಟ್ಟುಕೊಂಡರೆ ಶೆಡ್ಡಿನ 1ರಿಂದ 5ನೇ ಲೈನುಗಳು 150, 165, 180, 195, 210 ಡಿಗ್ರಿಯಲ್ಲಿವೆ. ತಿರುಗಿಸಲು 28ಬಿವೈಜೆ-48 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟರ್. ಕಂಟ್ರೋಲಿಗೆ ಆರ್ಡುಯಿನೊ ಮೆಗಾ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಹಳಿಗೆ ಕರೆಂಟ್ ಕೊಡುವ ಮೋಟರ್ ಶೀಲ್ಡ್, ಒಳಗೆ ಡಿಸಿಸಿ-ಇಎಕ್ಸ್ ಪ್ರೋಗ್ರಾಮ್.

ಸೇತುವೆಯ ಹಳಿಗೆ ಕರೆಂಟ್ ಕೊಡಲು ಗುಂಡಿಯ ತಳದಲ್ಲಿ ಹಿತ್ತಾಳೆ ರಿಂಗ್ ಇದೆ. ಅದನ್ನು ಎರಡು ಹೋಳು ಮಾಡಿ ಎಪಾಕ್ಸಿ ಹಾಕಿ ಅಂಟಿಸಿದ್ದೇನೆ. ಸೇತುವೆಯ ಅಡಿಯಿಂದ ಎರಡು ವೈಪರ್ (ಕರೆಂಟ್ ಎತ್ತುವ ಲೋಹದ ಪಟ್ಟಿ) ಬಂದು ಅದರ ಮೇಲೆ ಉಜ್ಜುತ್ತವೆ. ಅರ್ಧ ಸುತ್ತು ತಿರುಗಿದರೆ ಹಳಿಯ ವಯರ್ ತಾನಾಗಿ ಅದಲು ಬದಲಾಗಬೇಕು, ಅದಕ್ಕೆ. ಅದು ಸಾಲದು ಅಂತ ರಿಂಗಿಗೆ ಹೋಗುವ ವಯರಿನಲ್ಲಿ ಒಂದು ಆಟೋ ರಿವರ್ಸರ್ (ಶಾರ್ಟ್ ಆದಾಗ ಎರಡು ವಯರನ್ನು ತಾನೇ ಅದಲು ಬದಲು ಮಾಡುವ ಬೋರ್ಡ್) ಕೂಡ ಹಾಕಿದ್ದೇನೆ.

ಈಗ ಆಗುವುದು ಇಷ್ಟು. 1, 2, 3ನೇ ಲೈನಿಗೆ ಇಂಜಿನ್ ಬೆಣ್ಣೆಯ ಹಾಗೆ ಹೋಗುತ್ತದೆ. 4ಕ್ಕೆ ಬಂದು ನಿಂತರೆ ಅಡಿಯಲ್ಲಿ ಚಿರ್ ಅಂತ ಸದ್ದು, ಕೆಲವೊಮ್ಮೆ ಸೇತುವೆ ಸತ್ತ ಹಾಗೆ, ಕೆಲವೊಮ್ಮೆ ಇಡೀ ಲೇಔಟ್ ಆಫ್. 5ರಲ್ಲಿ ಸೇತುವೆಯ ಮೇಲೆ ಲೈಟ್ ಉರಿಯುತ್ತದೆ. ಆದರೆ ಚಕ್ರ ಜಾಯಿಂಟ್ ದಾಟಿದ ಕೂಡಲೇ ಎಲ್ಲ ಬಂದ್. ಸೇತುವೆಯನ್ನು ಹಿಂದುಮುಂದು ತಿರುಗಿಸಿ ನೋಡಿದೆ. ಆಗಲೂ ಅದೇ 4, ಅದೇ 5.

---

ಹೊಸಬ_ಸುರತ್ಕಲ್ · ಜೂನ್ 14, ರಾತ್ರಿ 10:05

5ನೇ ಲೈನಿನ ಎರಡು ವಯರ್ ಅದಲು ಬದಲು ಮಾಡಿ ನೋಡಿ ಅಣ್ಣ. ನನಗೆ ಹಳಿ ಕವಲೊಡೆಯುವ ಪಾಯಿಂಟಿನಲ್ಲಿ ಹೀಗೆ ಆದಾಗ ಅಷ್ಟೇ ಮಾಡಿದ್ದು.

---

ಮೀಟರ್‌ಗೇಜ್_ಅಜ್ಜ · ಜೂನ್ 14, ರಾತ್ರಿ 10:31

ರಿಂಗೂ ಉಂಟು, ರಿವರ್ಸರೂ ಉಂಟು. ಮುಟ್ಟಾಳೆ ಇಟ್ಟು ಅದರ ಮೇಲೆ ಕೊಡೆ ಹಿಡಿದ ಹಾಗಾಯಿತು.

ನನಗೆ ಈ ಡಿಜಿಟಲ್ ಅರ್ಥ ಆಗುವುದಿಲ್ಲ. ಆದರೆ ಒಂದು ಕೇಳುತ್ತೇನೆ. ಡೀಸೆಲ್ ಇಂಜಿನಿಗೆ ಟರ್ನ್‌ಟೇಬಲ್ ಎಂತಕ್ಕೆ? ಸ್ಟೀಮ್ ಇಂಜಿನಿಗಾದರೆ ಸರಿ.

---

ಕೊಟ್ಟಾರ_ಗೇಜ್ · ಜೂನ್ 14, ರಾತ್ರಿ 10:50

ಅಜ್ಜ, ನನ್ನ ಹತ್ತಿರ ಇರುವುದು ಡಬ್ಲ್ಯುಡಿಪಿ-4 ಡೀಸೆಲ್ ಇಂಜಿನ್. ಡ್ರೈವರ್ ಕೂರುವ ಕ್ಯಾಬ್ ಒಂದೇ ಕಡೆ. ಉದ್ದ ಹುಡ್ (ಕ್ಯಾಬಿನ ಹಿಂದಿನ ಉದ್ದ ಭಾಗ) ಮುಂದಾಗಿ ಓಡಿಸಿದರೆ ಡ್ರೈವರಿಗೆ ದಾರಿ ಸರಿಯಾಗಿ ಕಾಣುವುದಿಲ್ಲ. ಆ ತೊಂದರೆಗೇ ಅಲ್ವಾ ಮತ್ತೆ ಎರಡು ಕ್ಯಾಬಿನ 4ಡಿ ಬಂದದ್ದು? ಕೊಂಕಣ ಲೈನ್ 2022ರಲ್ಲಿ ಪೂರ್ತಿ ಎಲೆಕ್ಟ್ರಿಕ್ ಆಯಿತು. ನನ್ನ ಮಾಳಿಗೆಯಲ್ಲಿ ಮಾತ್ರ ಇನ್ನೂ ಡೀಸೆಲ್ ಕಾಲ.

---

ಸುಡುಬೆರಳು · ಜೂನ್ 15, ಬೆಳಿಗ್ಗೆ 6:55

ಮಣಿಪಾಲದಿಂದ. ರಾತ್ರಿ ಓದಿ ಮಲಗಿದ್ದೆ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಚಿತ್ರ ಬಿಡಿಸಿ ನೋಡಿದೆ.

ಮೊದಲು ರಿವರ್ಸರ್ ತೆಗೆದಿಡಿ. ಎರಡು ಮದ್ದು ಒಟ್ಟಿಗೆ ಕೊಟ್ಟರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ಗೊತ್ತಾಗುವುದಿಲ್ಲ. ನಿಮ್ಮ ರಿವರ್ಸರ್ ಎಷ್ಟು ಆಂಪಿಗೆ ತಿರುಗುತ್ತದೆ? 3 ಆಂಪ್ ಅಂತ ಇದ್ದರೆ ಅದು ಅಲ್ಲಿ ಸುಮ್ನೆ ಕೂತಿದೆ. ಸಾಮಾನ್ಯ ಮೋಟರ್ ಶೀಲ್ಡ್ ಒಂದು ಚಾನೆಲಿಗೆ 2 ಆಂಪಿನದ್ದು, ಡಿಸಿಸಿ-ಇಎಕ್ಸ್ ಅದಕ್ಕಿಂತ ಮೊದಲೇ ಕರೆಂಟ್ ಕಡಿಯುತ್ತದೆ. ರಿವರ್ಸರಿಗೆ 3 ಆಂಪ್ ಕಾಣುವ ಭಾಗ್ಯವೇ ಇಲ್ಲ. ಅದಕ್ಕೇ ನಿಮ್ಮಲ್ಲಿ ಸೇತುವೆ ಮಾತ್ರ ಬಂದ್ ಆಗುವ ಬದಲು ಇಡೀ ಲೇಔಟ್ ಮಲಗುತ್ತದೆ.

ಆಮೇಲೆ ಮಲ್ಟಿಮೀಟರ್ ಎಸಿ ವೋಲ್ಟಿಗೆ ಹಾಕಿ. ಇಂಜಿನ್ ಬೇಡ. ಸೇತುವೆಯನ್ನು 1ನೇ ಲೈನಿಗೆ ನಿಲ್ಲಿಸಿ. ಒಂದು ಪ್ರೋಬ್ ಲೈನಿನ ಎಡ ಹಳಿಗೆ, ಇನ್ನೊಂದು ಅದಕ್ಕೆ ನೇರ ಸೇರುವ ಸೇತುವೆಯ ಹಳಿಗೆ. ಸೊನ್ನೆಯ ಹತ್ತಿರ ಬಂದರೆ ಎರಡೂ ಒಂದೇ ವಯರಿನವು, ಸರಿ ಇದೆ. ಹಳಿಯ ಪೂರ್ತಿ ವೋಲ್ಟೇಜ್ ಬಂದರೆ ಉಲ್ಟಾ. ಹೀಗೆ ಆರೂ ಲೈನಿಗೆ ನೋಡಿ ಬರೆಯಿರಿ. ಮೀಟರ್ ಹೇಳುವ ಅಂಕೆಯನ್ನು ನಿಖರ ಅಂತ ನಂಬಬೇಡಿ. ಡಿಸಿಸಿ ಚೌಕ ಅಲೆ, ‘ಒಂದು’ ಬಿಟ್ ಕಳಿಸುವಾಗ 58 ಮೈಕ್ರೋಸೆಕೆಂಡಿಗೊಮ್ಮೆ ಮಗ್ಗುಲು ಬದಲಿಸುತ್ತದೆ. ನಮ್ಮ ಮೀಟರ್ ಮನೆಯ 50 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ಸೊನ್ನೆಯಾ, ಸೊನ್ನೆ ಅಲ್ವಾ, ಅಷ್ಟು ಗೊತ್ತಾದರೆ ಸಾಕು.

ಇನ್ನೊಂದು ಪ್ರಶ್ನೆ, ಇದು ಮುಖ್ಯ. ನಿಮ್ಮ ಎರಡು ವೈಪರ್ ಸೇತುವೆಯ ಉದ್ದಕ್ಕೆ ಇವೆಯಾ, ಅಡ್ಡಕ್ಕೆ ಇವೆಯಾ?

---

ಕೊಟ್ಟಾರ_ಗೇಜ್ · ಜೂನ್ 15, ರಾತ್ರಿ 9:15

ಅಕ್ಕ, ಇಗೊಳ್ಳಿ:

ಬರುವ ಲೈನ್ 0.2. 1ನೇದು 0.2. 2ನೇದು 0.2. 3ನೇದು 0.3. 4ನೇದರಲ್ಲಿ ಅಂಕೆ ಕುಣಿಯುತ್ತದೆ, ನಿಲ್ಲುವುದೇ ಇಲ್ಲ. 5ನೇದು 13.8.

ರಿವರ್ಸರ್ ಮಿತಿ 3 ಆಂಪ್, ನೀವು ಹೇಳಿದ್ದು ಸರಿ.

ವೈಪರ್ ಅಡ್ಡಕ್ಕಿವೆ. ಉದ್ದಕ್ಕೆ ಇಡಲು ನಡುವೆ ಮೋಟರಿನ ಬ್ರಾಕೆಟ್ ಅಡ್ಡ ಬಂತು. ರಿಂಗಿನ ಗ್ಯಾಪನ್ನು ಬರುವ ಲೈನಿಗೆ 90 ಡಿಗ್ರಿಯಲ್ಲಿ ಇಡಬೇಕು ಅಂತ ಒಂದು ಫೋಟೋದಲ್ಲಿ ನೋಡಿ ಹಾಗೆಯೇ ಅಂಟಿಸಿದೆ. ಕೈ ಸ್ವಲ್ಪ ಜಾರಿತು, ಪೂರ್ತಿ 90 ಇಲ್ಲ.

---

ಸುಡುಬೆರಳು · ಜೂನ್ 15, ರಾತ್ರಿ 9:48

ಸಿಕ್ಕಿತು.

ಆ ಫೋಟೋದವರ ವೈಪರ್ ಸೇತುವೆಯ ಉದ್ದಕ್ಕೆ ಇದ್ದಿರಬೇಕು. ಅವರಿಗೆ ಗ್ಯಾಪ್ 90ರಲ್ಲಿ ಇದ್ದರೆ ಸರಿ. ನಿಮ್ಮದು ಅಡ್ಡಕ್ಕೆ. ನಿಮ್ಮ ಸೇತುವೆ 0 ಡಿಗ್ರಿಯಲ್ಲಿ ನಿಂತಾಗ ವೈಪರ್ ಇರುವುದೇ 90ರಲ್ಲಿ! ಗ್ಯಾಪ್ ಎಲ್ಲಿದೆ ಅನ್ನುವುದು ಸೇತುವೆಯ ಹಳಿಗೆ ಸಂಬಂಧ ಇಲ್ಲ, ವೈಪರಿಗೆ ಸಂಬಂಧ. ನಿಮ್ಮ ಕೈ 15 ಡಿಗ್ರಿ ಜಾರಿದ್ದು ಪುಣ್ಯ, ಇಲ್ಲದಿದ್ದರೆ ಬರುವ ಲೈನೇ ಗ್ಯಾಪಿನ ಮೇಲೆ ಕೂರುತ್ತಿತ್ತು. ಜಾರಿದ್ದರಿಂದ 195 ಡಿಗ್ರಿಯ ಲೈನು, ಅಂದರೆ 4, ಅದರ ಮೇಲೆ ಕೂತಿದೆ. 5 ಗ್ಯಾಪ್ ದಾಟಿದ ಮೇಲೆ ಬರುತ್ತದೆ, ಅದಕ್ಕೆ ಅಲ್ಲಿ ಫೇಸ್ (ಯಾವ ಹಳಿಗೆ ಯಾವ ವಯರ್ ಅನ್ನುವುದು) ಉಲ್ಟಾ.

ಚಿರ್ ಸದ್ದು ಬೇರೆ ಕಥೆ. ನಿಮ್ಮ ವೈಪರಿನ ತುದಿ ಗ್ಯಾಪಿಗಿಂತ ಅಗಲ ಇರಬೇಕು. ಗ್ಯಾಪಿನ ಮೇಲೆ ನಿಂತಾಗ ಎರಡು ಹೋಳನ್ನೂ ಒಟ್ಟಿಗೆ ಮುಟ್ಟುತ್ತದೆ. ಅದು ನೇರ ಶಾರ್ಟ್. ರಿವರ್ಸರ್ ಎಷ್ಟು ಸಲ ತಿರುಗಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಎಡ ಬಲ ಬದಲಿಸಿದರೂ ಶಾರ್ಟ್ ಶಾರ್ಟೇ. ಗ್ಯಾಪನ್ನು ವೈಪರ್ ತುದಿಗಿಂತ ಸ್ವಲ್ಪ ಅಗಲ ಮಾಡಿ. ಸೇತುವೆ ಆ ಜಾಗ ದಾಟುವಾಗ ಒಂದು ಕ್ಷಣ ಕರೆಂಟ್ ಹೋಗಲಿ, ಪರವಾಗಿಲ್ಲ.

ನಿಮ್ಮ ಲೈನುಗಳ ಲೆಕ್ಕದಲ್ಲಿ ಸೇತುವೆ 30ರಿಂದ 150 ಡಿಗ್ರಿಯ ನಡುವೆ ಎಲ್ಲೂ ನಿಲ್ಲುವುದಿಲ್ಲ. ಆಚೆ ಕಡೆ 210ರಿಂದ 330 ಕೂಡ ಖಾಲಿ. ಬದಲಾವಣೆ ಅಲ್ಲಿ ಎಲ್ಲಾದರೂ ಆಗಲಿ. ನಟ್ಟನಡುವೆ 90 ಆದರೆ ಚೆಂದ.

ಸುರತ್ಕಲಿನ ತಮ್ಮ ಹೇಳಿದ್ದೂ ಸುಳ್ಳಲ್ಲ. 5ರ ವಯರ್ ಬದಲಿಸಿದರೆ 5 ಸರಿಯಾಗುತ್ತದೆ. ಆದರೆ 4 ಹಾಗೆಯೇ ಗ್ಯಾಪಿನ ಮೇಲೆ ಇರುತ್ತದೆ. ನಾಳೆ 5ನ್ನು ಶೆಡ್ಡಿನ ಹಿಂದಿನಿಂದ ಯಾರ್ಡಿಗೆ ಸೇರಿಸಿದರೆ ಶಾರ್ಟ್ ಅಲ್ಲಿಗೆ ಹೋಗಿ ಕೂರುತ್ತದೆ.

---

ಹೊಸಬ_ಸುರತ್ಕಲ್ · ಜೂನ್ 15, ರಾತ್ರಿ 10:02

ಅಕ್ಕ, ಒಂದು ಡೌಟು. ಸೇತುವೆಯಲ್ಲಿ ಫೇಸ್ ಬದಲಾದರೆ ಇಂಜಿನ್ ಹಿಂದೆ ಓಡುವುದಿಲ್ವಾ?

---

ಸುಡುಬೆರಳು · ಜೂನ್ 15, ರಾತ್ರಿ 10:10

ಹಳೆಯ ಡಿಸಿ ಲೇಔಟಿನಲ್ಲಾದರೆ ಓಡುತ್ತದೆ. ಡಿಸಿಸಿಯಲ್ಲಿ ಇಲ್ಲ. ಮುಂದೆ, ಹಿಂದೆ ಅನ್ನುವುದು ಇಂಜಿನ್ ಒಳಗಿನ ಡಿಕೋಡರಿಗೆ ಹೋಗುವ ಆದೇಶ. ಯಾವ ಹಳಿಗೆ ಯಾವ ವಯರ್ ಅಂತ ಅದು ಕೇಳುವುದೇ ಇಲ್ಲ. ಮುಂದೆ ಅಂದರೆ ಕ್ಯಾಬ್ ಇರುವ ಕಡೆ, ಅಷ್ಟೇ. ಚಕ್ರ ಎರಡು ಉಲ್ಟಾ ಹಳಿಗಳನ್ನು ಸೇರಿಸಿದಾಗ ಆಗುವ ಶಾರ್ಟ್ ಮಾತ್ರ ನಮಗೆ ತಲೆನೋವು.

---

ಮಲ್ಪೆ_ವಯರ್‌ಮ್ಯಾನ್ · ಜೂನ್ 16, ಮಧ್ಯಾಹ್ನ 1:20

ನಾನು ಬೋಟಿನ ವೈರಿಂಗ್ ಮಾಡುವವ. ರೈಲು ಹವ್ಯಾಸ.

ಹಿತ್ತಾಳೆ ರಿಂಗ್ ನಮ್ಮ ಕರಾವಳಿಗೆ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಈಗ ಜೂನ್. ಇನ್ನು ಮೂರು ತಿಂಗಳು ಮಳೆ. ಉಪ್ಪು ಗಾಳಿ ಬೇರೆ. ಆಗಸ್ಟಿನಲ್ಲಿ ತೆಗೆದು ನೋಡಿ, ಹಸಿರು ಕಿಲುಬು ಹಿಡಿದಿರುತ್ತದೆ. ಸೌಂಡ್ ಇರುವ ಇಂಜಿನ್ ಆದರೆ ಸೇತುವೆಯ ಮೇಲೆ ತಿರುಗುವಾಗ ನಡುವೆ ಬಂದ್ ಆಗಿ ಮತ್ತೆ ಸ್ಟಾರ್ಟ್ ಆಗುತ್ತದೆ. ಕೇಳಲು ಅಸಹ್ಯ.

ನಾನು ಹಾಕಿರುವುದು 12.5 ಮಿ.ಮೀ.ಯ ಕ್ಯಾಪ್ಸೂಲ್ ಸ್ಲಿಪ್ ರಿಂಗ್, ಎಷ್ಟು ತಿರುಗಿದರೂ ವಯರ್ ಸುತ್ತಿಕೊಳ್ಳದ ಹಾಗೆ ಕರೆಂಟ್ ದಾಟಿಸುತ್ತದೆ. ಆರು ವಯರಿನದ್ದು, ಒಂದಕ್ಕೆ 2 ಆಂಪ್. ಒಳಗೆ ಮುಚ್ಚಿಕೊಂಡಿರುತ್ತದೆ, ಮಳೆಗಾಲಕ್ಕೆ ಒಳ್ಳೆಯದು. ಹಳಿಗೆ ಎರಡೆರಡು ವಯರ್ ಜೋಡಿಸಿದ್ದೇನೆ, ಉಳಿದ ಎರಡರಲ್ಲಿ ಸೇತುವೆಯ ಕ್ಯಾಬಿನ್ ಲೈಟು. ಫೇಸ್ ಬದಲಿಸುವ ಕೆಲಸ ರಿಲೇಗೆ (ಕರೆಂಟಿನಿಂದ ಬದಲಾಗುವ ಸ್ವಿಚ್ಚಿಗೆ) ಬಿಟ್ಟಿದ್ದೇನೆ.

ಲೇಔಟಿನ ಅಡಿಯ ಮೇನ್ ಕರೆಂಟ್ ಲೈನಿಗೆ ಒಂದೂವರೆ ಸ್ಕ್ವೇರ್ ವಯರ್, ಹಳಿಗೆ ಏರುವ ತುಂಡುಗಳಿಗೆ ಅರ್ಧ ಸ್ಕ್ವೇರ್. ಸಾಧ್ಯವಾದರೆ ಬೋಟಿಗೆ ಹಾಕುವ ಟಿನ್ ಲೇಪದ ತಾಮ್ರದ ವಯರ್ ತನ್ನಿ. ಬಿಚ್ಚಿದ ತುದಿ ಕಪ್ಪಾಗುವುದಿಲ್ಲ, ಸೋಲ್ಡರ್ ಚೆನ್ನಾಗಿ ಹಿಡಿಯುತ್ತದೆ.

ಗುಂಡಿ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆಯಲ್ಲಿ) ಮಾಡಿದ್ದರೆ ದೇವರೇ ಗತಿ. ಉಬ್ಬುತ್ತದೆ.

---

ಕೊಟ್ಟಾರ_ಗೇಜ್ · ಜೂನ್ 16, ಸಂಜೆ 7:30

ಗುಂಡಿ ನೀರು ತಡೆಯುವ ಮರೈನ್ ಪ್ಲೈ, 710 ಗುರುತಿನದ್ದು. ಹೋದ ಮಳೆಗಾಲದಲ್ಲಿ ಎಂಡಿಎಫ್ ಮಾಡಿ ಕೈ ಸುಟ್ಟುಕೊಂಡೇ ಈ ಸಲ ಬದಲಿಸಿದ್ದು. ಹಪ್ಪಳದ ಹಾಗೆ ಎದ್ದಿತ್ತು.

ಕಿಲುಬು ಈಗಲೇ ಶುರುವಾಗಿದೆ. ಅಮ್ಮ ಹುಣಸೆಹುಳಿ ಹಾಕಿ ತಿಕ್ಕು ಅಂತಾರೆ.

---

ಮಲ್ಪೆ_ವಯರ್‌ಮ್ಯಾನ್ · ಜೂನ್ 16, ಸಂಜೆ 7:52

ದೇವರ ದೀಪಕ್ಕೆ ಸರಿ. ಹೊಳೆಯುತ್ತದೆ, ನಾಲ್ಕು ದಿನಕ್ಕೆ ಮತ್ತೆ ಹಸಿರು. ಹುಳಿ ಉಳಿದಷ್ಟು ಲೋಹ ತಿನ್ನುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ. ಮರಳು ಕಾಗದ ಮುಟ್ಟಿಸಬೇಡಿ, ಗೀರಿನಲ್ಲಿ ಕೊಳೆ ಕೂರುತ್ತದೆ.

---

ಇಂದ್ರಾಳಿ_ಲೂಪ್ · ಜೂನ್ 16, ರಾತ್ರಿ 11:15

ರಿಲೇ ಮಾತು ಬಂತಲ್ಲ, ನನ್ನದೊಂದು ಸೇರಿಸುತ್ತೇನೆ. ನಾನು ಡಿಸಿಸಿ-ಇಎಕ್ಸ್‌ನವರದೇ ಇಎಕ್ಸ್-ಟರ್ನ್‌ಟೇಬಲ್ ಪ್ರೋಗ್ರಾಮ್ ಹಾಕಿದ್ದೇನೆ. ಆರ್ಡುಯಿನೊ ನ್ಯಾನೋ ಒಂದು ಬೇರೆಯೇ, ಮೆಗಾದ ಜತೆ ಐ-ಸ್ಕ್ವೇರ್-ಸಿ ವಯರಿನಲ್ಲಿ ಮಾತಾಡುತ್ತದೆ. ಸೇತುವೆ ಇಷ್ಟು ಡಿಗ್ರಿ ದಾಟಿದಾಗ ತಾನೇ ರಿಲೇ ಬದಲಿಸುತ್ತದೆ. ಆ ಡಿಗ್ರಿ ಮೊದಲೇ 45 (ಎದುರು ಕಡೆ 225) ಅಂತ ಇರುತ್ತದೆ, ಲೆಕ್ಕ ಹೋಮ್ ಜಾಗದಿಂದ, ಅಂದರೆ ಎಣಿಕೆ ಶುರುವಾಗುವ ಜಾಗದಿಂದ. ನಿಮ್ಮ ಲೈನುಗಳಿಗೆ 45 ನಡೆಯುತ್ತದೆ, ಆದರೆ 5ನೇ ಲೈನಿಗೆ 15 ಡಿಗ್ರಿ ಮಾತ್ರ ದೂರ. 90 ಮಾಡಿ.

ಎರಡು ರಿಲೇ ಇರುವ ನೀಲಿ ಬೋರ್ಡ್ ಸಿಗುತ್ತದಲ್ಲ, ಅದರಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೆ. ರಿಲೇಯ ಕಾಮನ್ ಸ್ಕ್ರೂ (ಉಳಿದ ಎರಡರಲ್ಲಿ ಒಂದಕ್ಕೆ ಸೇರುವ ಸ್ಕ್ರೂ) ಸೇತುವೆಯ ಕಡೆಗೆ ಹೋಗಬೇಕು, ಕರೆಂಟ್ ಬರುವ ಫೀಡ್ ಕಡೆಗೆ ಅಲ್ಲ. ಎರಡು ರಿಲೇ ಎಂದೂ ಒಂದೇ ಕ್ಷಣಕ್ಕೆ ಟಿಕ್ ಅನ್ನುವುದಿಲ್ಲ. ಒಂದು ಮುಂದೆ, ಇನ್ನೊಂದು ಕೂದಲೆಳೆ ಹಿಂದೆ. ಕಾಮನ್ ಸೇತುವೆಯ ಕಡೆ ಇದ್ದರೆ ಆ ಕೂದಲೆಳೆ ಹೊತ್ತು ಎರಡೂ ಹಳಿ ಒಂದೇ ವಯರಿಗೆ ಸೇರುತ್ತವೆ. ಇಂಜಿನಿಗೆ ಕರೆಂಟ್ ಇಲ್ಲ, ಶಾರ್ಟೂ ಇಲ್ಲ. ಕಾಮನ್ ಫೀಡ್ ಕಡೆ ಇದ್ದರೆ ಎರಡು ಫೀಡ್ ವಯರೂ ಒಂದೇ ಹಳಿಗೆ ಬಂದು ಬೀಳುತ್ತವೆ. ಟಪ್! ನನಗೆ ಇದು ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಹತ್ತು ಸಲಕ್ಕೆ ಒಂದು ಸಲ ಮಾತ್ರ ಆಗುವ ತಪ್ಪು ಹುಡುಕುವುದು ಎಷ್ಟು ಪಿರಿಪಿರಿ ಅಂತ ಅನುಭವಿಸಿದವರಿಗೇ ಗೊತ್ತು.

---

ಕೊಟ್ಟಾರ_ಗೇಜ್ · ಜೂನ್ 18, ರಾತ್ರಿ 10:40

ಸದ್ಯಕ್ಕೆ ರಿಂಗಿನಲ್ಲೇ ಮುಂದುವರಿಯುತ್ತೇನೆ. ಸ್ಲಿಪ್ ರಿಂಗ್ ಆರ್ಡರ್ ಮಾಡಿದ್ದೇನೆ, ಬಂದಾಗ ನೋಡುವ.

ಎಪಾಕ್ಸಿ ಹಾಕಿದ ರಿಂಗ್ ಏಳಲಿಲ್ಲ. ಆಗ ಹೊಳೆಯಿತು, ರಿಂಗ್ ಯಾಕೆ ತಿರುಗಿಸಬೇಕು? ವೈಪರ್ ಇರುವ ತಟ್ಟೆ ಒಂದೇ ಸ್ಕ್ರೂವಿನಲ್ಲಿ ನಿಂತಿದೆ. ಅದನ್ನು ಸಡಿಲಿಸಿ 75 ಡಿಗ್ರಿ ತಿರುಗಿಸಿದೆ. ಗ್ಯಾಪನ್ನು ಹೆಗ್ಗತ್ತಿಯ ಅಲಗಿನಲ್ಲಿ ಅಗಲ ಮಾಡಿದೆ. (ಹೆಗ್ಗತ್ತಿ ಅಲ್ಲ, ಹ್ಯಾಕ್ಸಾ. ಫೋನ್ ತಾನಾಗಿ ಬದಲಿಸಿತು.) ಮೀಟರ್ ಇಟ್ಟೆ.

ಆರಕ್ಕೆ ಆರೂ ಲೈನು 13.8!

---

ಸುಡುಬೆರಳು · ಜೂನ್ 18, ರಾತ್ರಿ 10:52

ಹಹ್ಹಾ. ಹೆದರಬೇಡಿ, ಇದು ಒಳ್ಳೆಯ ಸುದ್ದಿ. ಆರೂ ಒಂದೇ ರೀತಿ ತಪ್ಪಿವೆ ಅಂದರೆ ಗ್ಯಾಪ್ ಲೈನುಗಳಿಂದ ದೂರ ಹೋಗಿದೆ. ನೀವು ತಟ್ಟೆಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದ್ದೀರಿ. ಈಗ ಬದಲಾವಣೆ 90ರ ಬದಲು 120ರಲ್ಲಿ ಆಗುತ್ತದೆ. 1ನೇ ಲೈನಿಗೆ 30 ಡಿಗ್ರಿ ದೂರ ಇದೆ, ಧಾರಾಳ ಸಾಕು. ರಿಂಗಿಗೆ ಬರುವ ಎರಡು ವಯರ್ ಅದಲು ಬದಲು ಮಾಡಿ, ಮುಗಿಯಿತು.

---

ಕೊಟ್ಟಾರ_ಗೇಜ್ · ಜೂನ್ 18, ರಾತ್ರಿ 11:20

0.2, 0.2, 0.2, 0.3, 0.2, 0.2. ಅಕ್ಕ, ನಿಮಗೆ ಒಂದು ಗಡ್‌ಬಡ್ ಐಸ್‌ಕ್ರೀಮ್ ಬಾಕಿ!

ಶಾರ್ಟ್ ಆದರೆ ಕರೆಂಟ್ ಕಡಿಯುತ್ತದಾ ಅಂತ 5 ರೂಪಾಯಿ ನಾಣ್ಯ ತೆಗೆದು ಸೇತುವೆಯ ಹಳಿಗೆ ಅಡ್ಡ ಇಟ್ಟೂ ನೋಡಿದೆ. ಕೂಡಲೇ ಕರೆಂಟ್ ಕಡಿಯಿತು. ನಾಣ್ಯ ತೆಗೆದ ಮೇಲೆ ವಾಪಸ್ ಬಂತು.

ಇನ್ನೊಂದು ರೋಗ ಉಂಟು. ಬೆಳಿಗ್ಗೆ ಹಳಿ ನೇರ ಸೇರುತ್ತದೆ. ಒಂದೇ ಕಡೆಗೆ ನಾಲ್ಕೈದು ಸುತ್ತು ತಿರುಗಿಸಿದರೆ ಸಂಜೆಗೆ ಹಳಿ ಎಲ್ಲೋ, ಸೇತುವೆ ಎಲ್ಲೋ. ಪ್ರೋಗ್ರಾಮ್ ನಾನೇ ಬರೆದದ್ದು. ಒಂದು ಸುತ್ತಿಗೆ 4096 ಅರ್ಧ ಸ್ಟೆಪ್ ಅಂತ ಹಾಕಿದ್ದೇನೆ.

---

ಇಂದ್ರಾಳಿ_ಲೂಪ್ · ಜೂನ್ 19, ಬೆಳಿಗ್ಗೆ 8:10

ಆ 4096 ಸುಳ್ಳು. ಮೋಟರಿನ ಒಳಗಿನ ಗೇರ್ 64ಕ್ಕೆ 1 ಅಂತ ಬರೆದಿರುತ್ತಾರೆ, ಹಲ್ಲು ಎಣಿಸಿದರೆ 63.68 ಚಿಲ್ಲರೆ. ನಿಜ ಲೆಕ್ಕ 4076ರ ಹತ್ತಿರ. 20 ಸ್ಟೆಪ್ ಅಂದರೆ ಎಷ್ಟು ಮಹಾ ಅನ್ನಿಸುತ್ತದೆ. ನಿಮ್ಮ 300 ಮಿ.ಮೀ. ಸೇತುವೆಯ ತುದಿಯಲ್ಲಿ ಅದು ಸುತ್ತಿಗೆ 4.6 ಮಿ.ಮೀ.! ಎಚ್‌ಒ ಹಳಿಗಳ ನಡುವಿನ ಅಂತರವೇ 16.5. ನಾಲ್ಕು ಸುತ್ತಿಗೆ ಎಡ ಹಳಿ ಬಲ ಹಳಿಯ ಜಾಗಕ್ಕೆ ಬಂತು.

ಇಎಕ್ಸ್-ಟರ್ನ್‌ಟೇಬಲ್ ಮೊದಲ ಸಲ ಒಂದು ಸುತ್ತು ತಿರುಗಿ ತಾನೇ ಎಣಿಸಿಕೊಳ್ಳುತ್ತದೆ. ನೀವೇ ಬರೆದದ್ದಾದರೆ ಅಯಸ್ಕಾಂತ ಗುರುತಿಸುವ ಹಾಲ್ ಸೆನ್ಸರ್ ಒಂದು ಹಾಕಿ, ಸೇತುವೆಯ ಅಡಿಯಲ್ಲಿ ಸಣ್ಣ ಅಯಸ್ಕಾಂತ ಅಂಟಿಸಿ, ಅಯಸ್ಕಾಂತದಿಂದ ಅಯಸ್ಕಾಂತಕ್ಕೆ ಎಣಿಸಿ. ಮತ್ತೆ, ಈ ಮೋಟರಿನ ಗೇರ್ ಸಡಿಲ. ಕೈಯಲ್ಲಿ ಹಿಡಿದರೆ ಅಲ್ಲಾಡುತ್ತದೆ. ಯಾವ ಲೈನಿಗಾದರೂ ಯಾವಾಗಲೂ ಒಂದೇ ಕಡೆಯಿಂದ ಬಂದು ನಿಲ್ಲಿಸಿ. ಆಚೆಯಿಂದ ಬರಬೇಕಾದರೆ ಸ್ವಲ್ಪ ಮುಂದೆ ಹೋಗಿ ವಾಪಸ್ ಬರಲಿ.

ಹಾಲ್ ಸೆನ್ಸರ್ ಹಾಕಿದ ಮೇಲೆ ಒಂದು ಎಚ್ಚರಿಕೆ. ಹೋದ ಮೇ ತಿಂಗಳಲ್ಲಿ ಗುಡುಗು ಬಂದು ಕರೆಂಟ್ ಹೋಯಿತು. ನನ್ನ ಇಂಜಿನ್ ಅರ್ಧ ಸೇತುವೆಯ ಮೇಲೆ, ಅರ್ಧ ಲೈನಿನ ಮೇಲೆ. ನಾನು ಕೆಳಗೆ ಊಟಕ್ಕೆ ಹೋದೆ. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಬಂದ ಕೂಡಲೇ ಬೋರ್ಡ್ ಹೋಮ್ ಹುಡುಕಲು ಶುರು ಮಾಡಿತು, ಸೇತುವೆ ತಾನಾಗಿ ತಿರುಗಿತು. ಮೇಲೆ ದಡಕ್ ಅಂತ ಸದ್ದು. ಹೋಗಿ ನೋಡಿದರೆ ಇಂಜಿನ್ ಗುಂಡಿಯಲ್ಲಿ ಅಂಗಾತ, ಹೆಡ್‌ಲೈಟ್ ಮಾತ್ರ ಉರಿಯುತ್ತಿದೆ. ಈಗ ಸ್ಟೆಪ್ಪರಿನ ಪವರಿಗೆ ಬೇರೆ ಸ್ವಿಚ್ ಇಟ್ಟಿದ್ದೇನೆ. ಸೇತುವೆ ಖಾಲಿ ಉಂಟಾ ನೋಡಿ ನಾನೇ ಒತ್ತುವುದು.

---

ಮೀಟರ್‌ಗೇಜ್_ಅಜ್ಜ · ಜೂನ್ 19, ಸಂಜೆ 5:00

ನೀವು ಹೇಳುವ 63.68 ಎಲ್ಲ ಓದಿ ನಗು ಬಂತು. ಘಟ್ಟದ ಮೇಲೆ ಒಂದು ಶೆಡ್ಡಿನಲ್ಲಿ ಹುಡುಗನಾಗಿದ್ದಾಗ ನೋಡಿದ್ದೇನೆ. ಸ್ಟೀಮ್ ಇಂಜಿನನ್ನು ಟೇಬಲಿನ ಮೇಲೆ ತಂದು ಒಂದು ಗೇಣು ಮುಂದೆ, ಅರ್ಧ ಗೇಣು ಹಿಂದೆ ಮಾಡುತ್ತಿದ್ದರು. ಭಾರ ಸರಿ ನಡುವಿಗೆ ಬರಬೇಕು. ಬಂದರೆ ಇಬ್ಬರು ಭುಜ ಕೊಟ್ಟು ತಳ್ಳಿದರೆ ಸಾಕು, ತಿರುಗುತ್ತಿತ್ತು. ಬರದಿದ್ದರೆ ಎಂಟು ಜನ ಬಂದರೂ ಇಲ್ಲ. 1979ರಲ್ಲಿ ನಮ್ಮ ಮಂಗಳೂರು–ಹಾಸನ ಲೈನ್ ಶುರುವಾದ ಮೇಲೆ ಅದರಲ್ಲಿ ವೈಡಿಎಂ-4 ಡೀಸೆಲ್ ಇಂಜಿನ್ ಬಂತು. ಅದರ ಹಾರ್ನ್ ಈಗಲೂ ಕಿವಿಯಲ್ಲಿದೆ.

ಮತ್ತೆ, ಒಂದು ಮಾತು ಹೇಳದೆ ಇರಲಾರೆ. 87ರಲ್ಲಿ ಒಂದು ಅಂದರೆ ನಮ್ಮ ಬ್ರಾಡ್‌ಗೇಜ್ 19 ಮಿ.ಮೀ. ದಾಟಬೇಕು. ನಿಮ್ಮ 16.5 ವಿದೇಶದ ಗೇಜು.

---

ಕೊಟ್ಟಾರ_ಗೇಜ್ · ಜೂನ್ 19, ರಾತ್ರಿ 9:30

ಅಜ್ಜ, ಆ ಜಗಳ ಬೇರೆ ಕಡೆ ಆಡುವ. ಅದಕ್ಕೆ ಇಳಿದರೆ ನಾನು ಹಳಿ ಎಲ್ಲ ಕಿತ್ತು ಹಾಕಬೇಕು.

---

ಕೊಟ್ಟಾರ_ಗೇಜ್ · ಜುಲೈ 21, ರಾತ್ರಿ 10:15

ತಿಂಗಳ ನಂತರದ ವರದಿ.

ಸ್ಲಿಪ್ ರಿಂಗ್ ಬಂತು, ಹಾಕಿದೆ. ಹಿತ್ತಾಳೆ ರಿಂಗ್ ಗುಂಡಿಯಲ್ಲೇ ಉಳಿದಿದೆ, ಎಪಾಕ್ಸಿ ಬಿಡುವುದಿಲ್ಲ ಅಂತು. ವೈಪರ್ ಮಾತ್ರ ಕಳಚಿದೆ. ನ್ಯಾನೋ, ರಿಲೇ ಬೋರ್ಡ್, ಕಾಮನ್ ಸೇತುವೆಯ ಕಡೆಗೆ, ಬದಲಾವಣೆ 90ಕ್ಕೆ. ಸುತ್ತಿನ ಎಣಿಕೆ ನನ್ನ ಮೋಟರಿನಲ್ಲಿ 4075 ಬಂತು. ನಿನ್ನೆ ಹತ್ತು ಸುತ್ತು ಒಂದೇ ಕಡೆ ತಿರುಗಿಸಿದೆ. ಹಳಿಯ ತುದಿಗೆ ಉಗುರು ಎಳೆದು ನೋಡಿದೆ, ಏರುಪೇರು ಉಗುರಿಗೆ ಸಿಗಲಿಲ್ಲ.

ಹೊರಗೆ ಮಳೆ ಹಂಚಿಗೆ ಕಲ್ಲು ಹೊಡೆದ ಹಾಗೆ ಸುರಿಯುತ್ತಿದೆ. ರಿಲೇ ಟಿಕ್ ಅನ್ನುವುದು ಕೇಳುವುದಿಲ್ಲ. ಇಂಜಿನ್ ಸೇತುವೆಯ ಮೇಲೆ ಗುಡುಗುಡು ಅನ್ನುತ್ತಾ ಪೂರ್ತಿ ಅರ್ಧ ಸುತ್ತು ತಿರುಗಿತು, ಒಮ್ಮೆಯೂ ಕೆಮ್ಮಲಿಲ್ಲ. ಬದಲಾಗುವ ಕ್ಷಣಕ್ಕೆ ಅಂತ ಡಿಕೋಡರಿಗೆ ಸಣ್ಣ ಕೀಪ್ ಅಲೈವ್ ಕೆಪಾಸಿಟರ್ (ಒಂದು ಕ್ಷಣ ಕರೆಂಟ್ ಹೋದರೂ ಇಂಜಿನ್ ನಿಲ್ಲದ ಹಾಗೆ ನೋಡುವುದು) ಜೋಡಿಸಿದ್ದೇನೆ.

---

ಸುಡುಬೆರಳು · ಜುಲೈ 21, ರಾತ್ರಿ 10:31

ಸ್ಟೆಪ್ಪರಿಗೆ ಸ್ವಿಚ್ ಹಾಕಿದಿರಾ?

---

ಕೊಟ್ಟಾರ_ಗೇಜ್ · ಜುಲೈ 21, ರಾತ್ರಿ 10:33

ನಾಳೆ ಹಾಕುತ್ತೇನೆ.

---

ಇಂದ್ರಾಳಿ_ಲೂಪ್ · ಜುಲೈ 21, ರಾತ್ರಿ 10:34

ನಾನೂ ಹಾಗೇ ಹೇಳಿದ್ದೆ.

---

ಮೀಟರ್‌ಗೇಜ್_ಅಜ್ಜ · ಜುಲೈ 22, ಬೆಳಿಗ್ಗೆ 6:10

ವಿಡಿಯೋ ಹಾಕಿ. ಕೆಳಗಿನ ಟಿವಿ ಬಂದ್ ಮಾಡಿ ತೆಗೆಯಿರಿ, ಇಂಜಿನ್ ಸದ್ದು ಮಾತ್ರ ಕೇಳಬೇಕು.